ದೂರದ ಲೆನ್ಸು

ಅಂಗಡಿಯ ಮೆಟ್ಟಿಲ ಮೇಲೆ ನಿಂತು ಸುಶ್ಮಿತಾ ರಸ್ತೆಯಾಚೆ ನಿಂತಿದ್ದ ಬಸ್ಸಿನ ನಂಬರು ಓದುತ್ತಿದ್ದಳು. ಕಣ್ಣಿಗೆ ಒತ್ತಿಕೊಂಡ ಕ್ಯಾಮೆರಾದೊಳಗೆ ನಂಬರು ಬಂತು, ಅಲುಗಿತು, ಕದಡಿತು, ಮತ್ತೆ ಬಂತು. ಉಸಿರು ಬಿಗಿಹಿಡಿದು ಒತ್ತಿದಳು. ತೆಗೆದದ್ದನ್ನು ಹಿಂದಿನ ಪರದೆಯಲ್ಲಿ ದೊಡ್ಡದು ಮಾಡಿ ನೋಡಿದರೆ ಮೂರು ಎಂಟರಂತೆಯೂ ಎಂಟು ಮೂರರಂತೆಯೂ ಕಾಣುತ್ತಿತ್ತು.

"ಅಕ್ಕ, ಎಲ್ಲರೂ ಮುಖದ ಫೊಟೋ ತೆಗೆದು ಲೆನ್ಸ್ ನೋಡ್ತಾರೆ. ಬಸ್ಸಿನ ನಂಬರು ತೆಗೆದು ನೋಡೋದು ನೀವೊಬ್ರೇ," ಎಂದ ಇರ್ಷಾದ್. ಭಟ್ಕಳದ ಆ ಅಂಗಡಿ ಅವನ ಅಣ್ಣನದು. ಅಣ್ಣ ದುಬೈಯಲ್ಲಿ, ತಮ್ಮ ಗಲ್ಲಾದಲ್ಲಿ. ರಜೆಗೆ ಬಂದವರು ನಾಲ್ಕು ದಿನ ಕುತ್ತಿಗೆಗೆ ತೂಗುಹಾಕಿಕೊಂಡು, ಬೇಸರ ಬಂದು ಮಾರಿದ ಕ್ಯಾಮೆರಾ ಲೆನ್ಸುಗಳೆಲ್ಲ ಅವರ ಗಾಜಿನ ಕಪಾಟು ಸೇರುತ್ತಿದ್ದವು.

"ಮುಖ ಆಮೇಲೆ," ಎಂದಳು ಸುಶ್ಮಿತಾ.

"ಫೋನಲ್ಲಿ ಮದುವೆಗೆ ಅಂದಿದ್ರಿ."

"ಅಂದಿದ್ದೆ."

ಇರ್ಷಾದ್ ಅವಳಿಗೆಂದು ಮೂರು ಲೆನ್ಸು ತೆಗೆದಿಟ್ಟಿದ್ದ. ಐವತ್ತು ಎಂ.ಎಂ.ನದ್ದು ಬೆಲ್ಲದಚ್ಚಿನಷ್ಟು ಚಿಕ್ಕದು. ಮಬ್ಬು ಬೆಳಕಿನಲ್ಲೂ ಮುಖವನ್ನು ಚೊಕ್ಕವಾಗಿ ಹಿಡಿದು ಹಿಂದಿನದನ್ನೆಲ್ಲ ಮಸುಕಾಗಿಸುವಂಥದು. ಬಿ.ಎ. ಮುಗಿದ ವರ್ಷ ಅವಳು ಕೊಂಡ ಕ್ಯಾಮೆರಾ ಆ ಕಂಪನಿಯ ಎಲ್ಲಕ್ಕಿಂತ ಅಗ್ಗದ ಮಾದರಿ. ಜೊತೆಗೆ ಬಂದ ಗಿಡ್ಡ ಲೆನ್ಸು ಮಕ್ಕಳ ಹುಟ್ಟುಹಬ್ಬಕ್ಕೆ ಆಗುತ್ತಿತ್ತು, ಮದುವೆ ಹಾಲಿನ ಬೆಳಕಿಗೆ ಆಗುತ್ತಿರಲಿಲ್ಲ. ಕುಮಟೆಯಲ್ಲಿ ಅವಳು ಕೆಲಸ ಮಾಡುವ ಸ್ಟುಡಿಯೋದ ನಿತ್ಯಾನಂದ ಹೋದ ವರ್ಷದಿಂದ ಹೇಳುತ್ತಿದ್ದ: "ಐವತ್ತರದ್ದೊಂದು ತಕೋ. ಮಾಘದಿಂದ ಮದುವೆಗೆ ನಿನ್ನನ್ನೇ ಕಳಿಸ್ತೆ. ಮುದುಕಿ ಆಗೂವರೆಗೆ ಪಾಸ್‌ಪೋರ್ಟ್ ಫೊಟೋ ಕತ್ತರಿಸ್ತಾ ಕೂರ್ತೆಯಾ?" ಆ ಲೆನ್ಸನ್ನು ಅವಳು ಮೊಬೈಲಿನಲ್ಲಿ ಎಷ್ಟು ಸಲ ತೆರೆದು ನೋಡಿದ್ದಳೆಂದರೆ ಅದರ ಮೈಮೇಲಿನ ಅಕ್ಷರಗಳು ಬಾಯಿಗೆ ಬರುತ್ತಿದ್ದವು.

ಇವತ್ತು ಅದನ್ನು ಅವಳು ಮುಟ್ಟಿರಲಿಲ್ಲ.

ಉಳಿದೆರಡೂ ದೂರದ್ದನ್ನು ಹತ್ತಿರ ತರುವಂಥವು. ಈಗ ಕ್ಯಾಮೆರಾದಲ್ಲಿದ್ದ ಮುನ್ನೂರರದ್ದು ಉದ್ದ, ಹಳೆಯದು. ಇನ್ನೂರೈವತ್ತರದ್ದು ತುಸು ಗಿಡ್ಡ. ಆದರೆ ಕೈ ನಡುಗಿದರೆ ಒಳಗಿನ ಗಾಜು ತಾನೇ ಸರಿದು ಸಂಭಾಳಿಸುವ ವ್ಯವಸ್ಥೆ ಅದರಲ್ಲಿತ್ತು.

"ದೂರ ಬೇಕಾದ್ರೆ ಮುನ್ನೂರರದ್ದೇ ಹಿಡೀರಿ," ಎಂದ ಇರ್ಷಾದ್. "ಜಾಸ್ತಿ ಇದ್ದದ್ದು ಜಾಸ್ತಿಯೇ."

"ನನ್ನ ಕೈ ನಡುಗ್ತದೆ."

ಅವಳು ಅದನ್ನು ಹೇಳಿದ ರೀತಿಗೆ ಅವನು ನಗಲಿಲ್ಲ. ಮುನ್ನೂರರದ್ದನ್ನು ಕಳಚಿ ಇನ್ನೂರೈವತ್ತರದ್ದನ್ನು ತಾನೇ ಕೂರಿಸಿಕೊಟ್ಟ. ಸುಶ್ಮಿತಾ ಮತ್ತೆ ಮೆಟ್ಟಿಲಿಗೆ ಬಂದಳು. ಒಳಗೆ ಏನೋ ಚಿಕ್ಕದಾಗಿ ಗುರುಗುಟ್ಟಿತು, ಆಮೇಲೆ ಬಸ್ಸಿನ ಹಣೆ ಗೋಡೆಗೆ ಹೊಡೆದ ಕ್ಯಾಲೆಂಡರಿನ ಹಾಗೆ ನಿಂತುಬಿಟ್ಟಿತು. ನಂಬರು, ನಂಬರಿನ ಕೆಳಗಿನ ತಗ್ಗು, ಗಾಜಿನ ಹಿಂದೆ ಡ್ರೈವರನ ಕಿವಿಗೆ ಸಿಕ್ಕಿಸಿದ ಬೀಡಿ.

"ಇದು."

"ಹಕ್ಕಿ ತೆಗೀಲಿಕ್ಕಾ ಅಕ್ಕ?"

"ಹೌದು."

"ಯಾವ ಹಕ್ಕಿ?"

"ಕಂಡವರ ಬಲೆಯಿಂದ ಕದ್ದು ತಿನ್ನೋದು."

ಈ ಸಲ ಇರ್ಷಾದ್ ನಕ್ಕ. ಅವಳು ಐವತ್ತರದ್ದರ ಕಡೆ ನೋಡದೆ ಚೀಲದ ಜಿಪ್ಪು ಎಳೆದಳು.

ಹೊನ್ನಾವರದಲ್ಲಿ ಬಸ್ಸು ಶರಾವತಿಯ ಸೇತುವೆ ಹತ್ತಿದಾಗ ಕಿಟಕಿಯಿಂದ ಬಂದರಿನ ಟ್ರಾಲರ್ ಬೋಟುಗಳು ಕಂಡವು. ಒಂದರ ಪಕ್ಕ ಒಂದು, ಹೆಚ್ಚಿನವು ನೀಲಿ. ಅರ್ಧ ಬೋಟು ನೀಲಿಯೇ ಎಂದು ಬೋಟಿನ ಯಜಮಾನ ಕಮಲಾಕರ ಕೂಟದಲ್ಲಿ ಹೇಳಿದ್ದು ಸುಳ್ಳಲ್ಲ.

ಮಳೆಗಾಲದ ನಿಷೇಧ ಮುಗಿದು ಕಡಲು ತೆರೆದ ಮೇಲೆ, ಒಂದು ಮಂಜಿನ ಬೆಳಗ್ಗೆ ಧಾರೇಶ್ವರದ ದಡದಾಚೆ ಅವಳ ಅಣ್ಣ ರಾಜೀವ ದೋಣಿಯಲ್ಲಿ ಬಲೆ ಎಳೆಯುತ್ತಿದ್ದ. ಅಷ್ಟು ದಡದ ಹತ್ತಿರ ಬರಬಾರದಾಗಿದ್ದ ಟ್ರಾಲರೊಂದು ಬಂದು ಅವನ ಬಲೆಯನ್ನು ತನ್ನ ಬಲೆಗೆ ಸಿಕ್ಕಿಸಿಕೊಂಡು ಎಳೆದುಕೊಂಡು ಹೋಯಿತು. ಬಲೆಯ ಹಗ್ಗ ರಾಜೀವನ ಬಲಗೈಗೆ ಸುತ್ತಿಕೊಂಡಿತ್ತು. ಎರಡು ಬೆರಳು ಹೋದವು. ಬೋಟು ನಿಲ್ಲಲಿಲ್ಲ. ನಂಬರಿನ ಮೇಲೆ ತಾಡಪತ್ರಿ ಇಳಿಬಿಟ್ಟಿದ್ದರು, ನೀಲಿ ಬಣ್ಣ ಕಂಡಿತು ಎಂದಷ್ಟೇ ಅವನು ಹೇಳಿದ್ದ.

ಅದಾದ ಮೇಲೂ ಬೋಟು ಬರುವುದು ನಿಲ್ಲಲಿಲ್ಲ. ಒಂದು ದಿನ ಸುಶ್ಮಿತಾ ದಡದಿಂದಲೇ, ತನ್ನ ಗಿಡ್ಡ ಲೆನ್ಸಿನಲ್ಲಿ, ಒಂದು ಫೊಟೋ ತೆಗೆದಳು. ಕೇರಿಯ ಕೂಟದಲ್ಲಿ ಅದನ್ನು ತೋರಿಸಿದಳು. ಕಮಲಾಕರನೂ ಬಂದಿದ್ದ, ಹೊನ್ನಾವರದಲ್ಲಿ ಬೋಟಿಟ್ಟು ಕಾರು ಕೊಂಡವನಾದರೂ ಅವನು ಇದೇ ಜಾತಿಯವನು, ಅವನ ಬೋಟಿನ ಆಳುಗಳು ಇದೇ ಕೇರಿಯವರು. ಆ ಬೋಟು ಅವನದೇ ಎಂದು ಎಲ್ಲರಿಗೂ ಗುಮಾನಿ. ಹೇಳುವ ಧೈರ್ಯ ಯಾರಿಗೂ ಇಲ್ಲ. ಅವನು ಫೊಟೋವನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದ.

"ಎಂತ ತಂಗಿ ಇದು? ಬೋಟಾ, ಕಾಗೆಯಾ?"

ಗಂಡಸರ ಸಾಲಿನಲ್ಲಿ ನಗು ಎದ್ದಿತು.

"ಹೊನ್ನಾವರದಲ್ಲಿ ಅರ್ಧ ಬೋಟು ನೀಲಿಯೇ. ಸಮುದ್ರವೂ ನೀಲಿ, ಅದ್ರ ಮೇಲೂ ಒಂದು ದೂರು ಕೊಡು," ಎಂದು ಅವನು ಫೊಟೋ ವಾಪಸು ಕೊಟ್ಟ. "ಕಲ್ತವಳು ನೀನು. ಸಮಾ ತೆಗ್ದು ತಕಂಬಾ. ನಾನೇ ಫ್ರೇಮು ಹಾಕ್ಸಿ ಕೊಡ್ತೆ."

ಪಕ್ಕದಲ್ಲಿ ರಾಜೀವ ಬಲಗೈಯನ್ನು ಹೆಗಲ ಮೇಲಿನ ಬೈರಾಸದೊಳಗೆ ಇಟ್ಟುಕೊಂಡು ಕೂತಿದ್ದ. ಅವನೂ ತುಸು ನಕ್ಕಿದ್ದ, ಎಲ್ಲರೂ ನಗುವಾಗ ನಗಬೇಕಲ್ಲ ಎಂಬ ಹಾಗೆ. ಅವಳಿಗೆ ನಿದ್ದೆ ಕೆಟ್ಟದ್ದು ಕಮಲಾಕರನ ಮಾತಿನಿಂದಲ್ಲ, ಆ ನಗುವಿನಿಂದ.

*

ಧಾರೇಶ್ವರದ ಬಂಡೆಗಳ ಮೇಲೆ ಅವಳು ಹಲವು ಬೆಳಗು ಕೂತಳು. ಬಂಡೆಯ ಮೇಲೆ ಮೊಣಕೈ ಊರಿದರೆ ನಡುಕ ಇನ್ನಷ್ಟು ಕಡಿಮೆಯಾಗುತ್ತದೆಂದು ಕಂಡುಕೊಂಡಳು. ಸೂರ್ಯ ಬೆನ್ನ ಹಿಂದಿನ ಗುಡ್ಡದಿಂದ ಏಳುತ್ತಿದ್ದ. ಅದಕ್ಕಿಂತ ಮೊದಲು ತೆಗೆದರೆ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಕಾಳು ಕಾಳು. ಈ ಲೆನ್ಸಿಗೆ ಬೆಳಕು ಬೇಕು. ಬಿಸಿಲು ಬೆನ್ನ ಮೇಲಿಂದ ಹಾದು ನೇರ ಕಡಲಿಗೆ ಬಿದ್ದಾಗ ಮಾತ್ರ ಎದುರಿನದೆಲ್ಲ ತೊಳೆದಿಟ್ಟಂತೆ ಕಾಣುತ್ತಿತ್ತು. ಅವಳು ಅದನ್ನೇ ಕಾಯುತ್ತಿದ್ದಳು. ಬೋಟೂ ಬರಬೇಕು, ಬಿಸಿಲೂ ಬರಬೇಕು.

ಬಂತು. ಮೊದಲು ಎಂಜಿನ್ನಿನ ಸದ್ದು, ಆಮೇಲೆ ನೀಲಿ. ದಡಕ್ಕೆ ಎಷ್ಟು ಹತ್ತಿರವೆಂದರೆ ಮೇಲೆ ಸುತ್ತುವ ಕಡಲಕ್ಕಿಗಳ ಕೂಗೂ ಕೇಳುತ್ತಿತ್ತು. ಅವಳು ಮುಂಭಾಗಕ್ಕೆ ಹಿಡಿದಳು. ನಂಬರು ಇರಬೇಕಾದ ಜಾಗದಲ್ಲಿ ತಾಡಪತ್ರಿ, ನಾಲ್ಕೂ ಮೂಲೆ ಬಿಗಿದು ಕಟ್ಟಿದ್ದು.

ನಂಬರು ಹಿಡಿಯಲೆಂದೇ ಅಲ್ಲವೇ ಈ ಲೆನ್ಸು ಕೊಂಡದ್ದು. ತಾಡಪತ್ರಿ ಇಳಿಬಿಡುತ್ತಾರೆಂದು ರಾಜೀವ ಹೇಳಿದ್ದ. ಗಾಳಿಗೆ ಅದು ಒಂದು ಕ್ಷಣ ಎದ್ದೀತು ಎಂದು ಅವಳು ನೆಚ್ಚಿಕೊಂಡಿದ್ದಳು. ಅವರು ಈಗ ಹಗ್ಗ ಕಟ್ಟಿಬಿಟ್ಟಿದ್ದರು. ಆದರೂ ಒತ್ತಿದಳು. ಬೋಟಿನ ತುದಿಯಿಂದ ತುದಿಯವರೆಗೆ, ಬಿಸಿಲು ಇರುವಷ್ಟು ಹೊತ್ತು, ಒತ್ತುತ್ತಲೇ ಹೋದಳು.

ಸ್ಟುಡಿಯೋದ ಕಂಪ್ಯೂಟರಿನಲ್ಲಿ ಚಿತ್ರಗಳನ್ನು ದೊಡ್ಡದು ಮಾಡಿದಾಗ ಬೋಟಿನ ಕ್ಯಾಬಿನ್ನಿನ ಹಣೆಯ ಮೇಲೆ ಗಣಪತಿ ಕಂಡ. ಇಡಗುಂಜಿಯ ಗಣಪತಿ, ನಿಂತವನು, ಎರಡೇ ಕೈಯವನು. ಅರ್ಧ ಬಂದರಿನಲ್ಲಿ ಅವನೇ ಇದ್ದಾನೆ. ಆದರೆ ಈ ಗಣಪತಿಯ ಕಾಲ ಬಳಿ ಒಂದು ಇಲಿ ಕೂತಿತ್ತು.

ಸುಶ್ಮಿತಾ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಇಡಗುಂಜಿಯ ದೇವರಿಗೆ ಇಲಿಯಿಲ್ಲ. ಅಲ್ಲಿಗೆ ಒಮ್ಮೆ ಹೋದವರಿಗೂ ಗೊತ್ತು. ಎಲ್ಲಿಂದಲೋ ಬಂದ ಪೇಂಟರು ಕಮಲಾಕರನ ಬೋಟಿಗೆ ಬರೆಯುವಾಗ ತನ್ನದೊಂದು ಇರಲಿ ಎಂದು ಇಲಿ ಸೇರಿಸಿದ್ದ. ಬಂದರಿನವರು ಕಮಲಾಕರನ ಬೆನ್ನ ಹಿಂದೆ 'ಇಲಿ ಸಾಕಿದವ' ಎನ್ನುತ್ತಿದ್ದರು. ಬರೆದ ದೇವರ ಮೇಲೆ ಬಣ್ಣ ಬಳಿಸಲು ಅವನು ಒಪ್ಪಿರಲಿಲ್ಲ. ಈಗಲೂ ಅಷ್ಟೇ. ನಂಬರು ಮುಚ್ಚಿದ ಕೈಗಳು ದೇವರ ಮುಖಕ್ಕೆ ತಾಡಪತ್ರಿ ಹಾಕಲು ಹೆದರಿದ್ದವು. ಕಡಲ ಮೇಲೆ ದೇವರ ಕಣ್ಣು ಕಟ್ಟಿಸಿಕೊಂಡು ಯಾರು ಹೋಗುತ್ತಾರೆ?

ಅವಳು ನಗಲಿಲ್ಲ. ಮುಂದಿನ ಚಿತ್ರಕ್ಕೆ ಹೋದಳು. ಅದರಲ್ಲಿ ಬೋಟಿನ ಅಂಚಿನಿಂದ ಒಬ್ಬ ಕೆಳಗೆ ಬಾಗಿ, ಟ್ರಾಲರಿನ ಬಲೆಗೆ ಸಿಕ್ಕಿದ ಯಾರದೋ ಬಲೆಯನ್ನು ಕತ್ತಿಯಿಂದ ಕೊಯ್ಯುತ್ತಿದ್ದ. ತಲೆಗೆ ಕೆಂಪು ಟವೆಲು. ಬಿಸಿಲು ನೇರ ಮುಖಕ್ಕೆ ಬಿದ್ದು, ಕೆನ್ನೆಯ ಬಿಳಿ ಕೂದಲೂ ಕಾಣುತ್ತಿತ್ತು.

ಪಕ್ಕದ ಮನೆಯ ಈರ. ರಾಜೀವ ಆಸ್ಪತ್ರೆಯಲ್ಲಿದ್ದಾಗ ದಿನಾ ಎಳನೀರು ತಂದುಕೊಟ್ಟವನು.

*

"ಫೊಟೋ ಅಳ್ಸು," ಎಂದ ರಾಜೀವ. ಎಡಗೈಯಲ್ಲಿ ಬಲೆ ಹೆಣೆಯುವ ಸೂಜಿ ಹಿಡಿದು ಅಭ್ಯಾಸ ಮಾಡುತ್ತಿದ್ದವನು ಅವಳ ಮೊಬೈಲನ್ನು ಒಮ್ಮೆ ನೋಡಿ ವಾಪಸು ಕೊಟ್ಟಿದ್ದ.

"ಎಂತಕೆ?"

"ಅಂವ ಕೂಲಿಗೆ ಹೋಗುವಂವ. ಹೇಳ್ದಲ್ಲಿ ಹೋಗ್ತ, ಹೇಳಿದ್ದು ಮಾಡ್ತ."

"ನಿನ್ನ ಬಲೆಯನ್ನೂ ಅಂವನೇ ಕೊಯ್ದದ್ದು ಹಂಗಾದ್ರೆ. ಆಮೇಲೆ ಎಳನೀರು ಹಿಡ್ಕಂಡು ಬಂದ."

"ಗೊತ್ತು."

"ಎಂತ ಗೊತ್ತು?"

ರಾಜೀವ ಸೂಜಿಯನ್ನು ಕೆಳಗಿಟ್ಟ. "ಆ ದಿನ ಅವನ ದನಿ ಕೇಳಿದ್ದೆ. ನಿಲ್ಸ್ರೋ ನಿಲ್ಸ್ರೋ ಅಂತ ಕೂಗ್ತಿದ್ದ. ಮೇಲಿಂದ ಬಾಗಿ ಹಗ್ಗ ಕೊಯ್ದ. ಕೊಯ್ಯದೆ ಇದ್ರೆ ಎರಡು ಬೆರಳಲ್ಲ, ಕೈಯೇ ಹೋಗ್ತಿತ್ತು."

ಇಷ್ಟು ದಿನ ಗೊತ್ತಿದ್ದೂ ಇಬ್ಬರೂ, ಬೇಲಿಯ ಆಚೆ ಒಬ್ಬ, ಈಚೆ ಒಬ್ಬ, ಸುಮ್ಮನಿದ್ದರು.

"ಹಂಗಾದ್ರೆ ಕೂಟದಲ್ಲಿ ಎದ್ದು ಹೇಳೂಕೆ ಎಂತ ಆಗಿತ್ತು ಅವಂಗೆ? ಕಮಲಾಕರ ನಗಾಡ್ತಿದ್ದಾಗ ಅಂವ ಅಲ್ಲೇ ಇದ್ದ."

"ಎರಡು ಹೆಣ್ಣುಮಕ್ಕಳಿದ್ದೊ ಅವಂಗೆ. ಎಂತ ಆಗಿತ್ತು ಅಂತ ಕೇಳ್ತೆ ನೀನು." ರಾಜೀವ ಅವಳ ಮುಖ ನೋಡಿದ. "ನಿಂಗೆ ಬೇಕಾದದ್ದು ಎಂತ, ತಂಗಿ? ನನ್ನ ಬೆರಳಾ?"

"ಕಮಲಾಕರ," ಎಂದಳು ಸುಶ್ಮಿತಾ.

"ಈ ಫೊಟೋದಲ್ಲಿ ಅಂವ ಎಲ್ಲಿದ್ದ?"

ಅವಳು ಮೊಬೈಲು ತೆಗೆದುಕೊಂಡು ಎದ್ದಳು. ಅಳಿಸಲಿಲ್ಲ.

ಮರುದಿನ ಬೆಳಗ್ಗೆ ಈರನ ಹೆಂಡತಿ ಈರಮ್ಮ ತಲೆಯ ಮೇಲಿನ ಬುಟ್ಟಿ ಇಳಿಸಿ ಇವರ ಅಂಗಳದಲ್ಲಿ ಕೂತಳು. ಪೇಟೆಗೆ ಮೀನು ಮಾರಲು ಹೋಗುವ ಮೊದಲು ಹೀಗೆ ಕೂತು, ಒಂದೆರಡು ಬಂಗಡೆ ಸುಶ್ಮಿತಾಳ ಅವ್ವನ ತಟ್ಟೆಗೆ ಹಾಕಿ, ಎಲೆಯಡಿಕೆ ಹಾಕಿಕೊಂಡು ಏಳುವುದು ರೂಢಿ.

"ಬಂಡೆ ಮೇಲೆ ಕೂತು ಫೊಟೋ ತೆಗ್ದೆಯಂತಲ್ಲೇ. ಸಿಕ್ತಾ?"

"ಸಿಕ್ತು," ಎಂದಳು ಸುಶ್ಮಿತಾ. "ಬಲೆ ಕೊಯ್ಯುವವನ ಮುಖವೇ ಸಿಕ್ಕಿದೆ."

"ಯಾರದು?"

"ಕೂಟದಲ್ಲಿ ಹೇಳ್ತೆ."

"ಯಾರೇ ಆಗ್ಲಿ," ಎಂದಳು ಈರಮ್ಮ, ಸುಣ್ಣ ತಿಕ್ಕುತ್ತ. "ನಮ್ಮ ರಾಜೀವನ ಹಂಗಿದ್ದ ಗಂಡಿನ ಕೈ ತಿಂದನಲ್ಲ, ಅವನ ಕೈ ಹುಳ ಬಿದ್ದು ಹೋಗ್ಲಿ. ಅವನ ಹೆಂಡ್ತಿ ಬಾಯಿಗೆ ಮಣ್ಣು ಬೀಳ್ಲಿ. ಅನ್ನ ಕಲಸೂಕೆ ಅವಂಗೆ ಬೆರಳು ಇಲ್ಲದೆ ಹೋಗ್ಲಿ."

ಒಳಗಿನಿಂದ ರಾಜೀವ ಕೆಮ್ಮಿದ. ಒಂದು ಮಾತು ಸಾಕಿತ್ತು, ಸುಶ್ಮಿತಾ ತಡೆಯಬಹುದಿತ್ತು. ಅವಳು ಈರಮ್ಮನ ಬಾಯನ್ನೇ ನೋಡುತ್ತ ನಿಂತಳು. ಒಂದೊಂದು ಶಾಪವೂ ಎಲ್ಲಿಗೆ ಹೋಗಿ ಬೀಳುತ್ತದೆಂದು ತನಗೊಬ್ಬಳಿಗೇ ಗೊತ್ತಿರುವುದು ಅವಳಿಗೆ ಹಿತವಾಗಿಯೇ ಇತ್ತು. ಈರಮ್ಮ ಹೋದ ಮೇಲೆ ತಟ್ಟೆಯಲ್ಲಿ ಉಳಿದ ಬಂಗಡೆಗಳನ್ನು ಅವಳೇ ತೊಳೆದಳು. ಆ ದಿನ ಊಟಕ್ಕೆ ಮೀನು ಮುಟ್ಟಲಿಲ್ಲ.

*

ಕೂಟ ಸೇರಿದ್ದು ಸಂಜೆ, ಬಿಸಿಲು ಇನ್ನೂ ಇರುವಾಗ, ಕೇರಿಯ ಗುಡಿಯಂಗಳದಲ್ಲಿ. ಗಂಡಸರು ಗುಡಿಯ ಹತ್ತಿರ, ಹೆಂಗಸರು ಹಿಂದೆ ತೆಂಗಿನ ಮರಗಳ ಬಳಿ. ಕೇರಿಯ ನ್ಯಾಯ ಹೇಳುವ ಬುದವಂತ ದಾಸ ಮೆಟ್ಟಿಲ ಮೇಲೆ ಕಾಲು ಮಡಚಿ ಕೂತಿದ್ದ. ಕಮಲಾಕರನಿಗೆ ಕುರ್ಚಿ ಹಾಕಿದ್ದರು. ಎಲೆಯಡಿಕೆ ಜಗಿಯುತ್ತ ಅವನು ಹಿಂದಕ್ಕೆ ತಿರುಗಿದ.

"ಎಂತ ತಂಗಿ, ಈ ಸಲ ಕಾಗೆಯಾ, ಗಿಡುಗನಾ?"

ಸುಶ್ಮಿತಾ ಮುಂದೆ ಹೋಗಿ ಕ್ಯಾಲೆಂಡರಿನಷ್ಟು ದೊಡ್ಡದಾಗಿ ಮುದ್ರಿಸಿದ ಎರಡು ಚಿತ್ರಗಳನ್ನು ಬುದವಂತನ ಕೈಗೆ ಕೊಟ್ಟು ಬಂದು ಮರಕ್ಕೆ ಒರಗಿ ನಿಂತಳು. ಕ್ಯಾಮೆರಾ ಕೊರಳಲ್ಲೇ ಇತ್ತು. ಚಿತ್ರಗಳು ಕೈಯಿಂದ ಕೈಗೆ ಹೋದವು. "ಇಲಿ, ಇಲಿ," ಎಂಬ ಪಿಸುಮಾತು ಓಡಿತು. ಎರಡನೆಯದು ಸಾಗಿದಂತೆ ಪಿಸುಮಾತು ನಿಂತಿತು. ಸಾಲಿನಲ್ಲಿ ಕೂತಿದ್ದ ಈರನ ಕೈಗೆ ಅದನ್ನು ಯಾರೂ ಕೊಡಲಿಲ್ಲ, ಅವನನ್ನು ದಾಟಿಸಿ ಹೆಂಗಸರ ಕಡೆ ಕಳಿಸಿದರು. ಈರಮ್ಮ ಅದನ್ನು ಮೊಣಕಾಲ ಮೇಲಿಟ್ಟುಕೊಂಡು ನೋಡಿದಳು. ಆಮೇಲೆ ಸುಶ್ಮಿತಾಳನ್ನು ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಲ್ಲೇ ಸರಿದು, ಬೇರೆ ಮರದ ಬುಡಕ್ಕೆ ಹೋದಳು.

ಕಮಲಾಕರನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಇಲಿ ನಂದೇ," ಎಂದ. "ದೇವರ ಎದುರು ಎಂತಕೆ ಸುಳ್ಳು? ಆದ್ರೆ ನಾನು ಸಮುದ್ರದ ನೀರು ಮುಟ್ಟದೆ ಎಷ್ಟು ವರ್ಷ ಆತು, ನಿಮಗೇ ಗೊತ್ತದೆ. ಕಡಲಲ್ಲಿ ಬೋಟು ನೋಡ್ಕಂಬಂವ ಈರ. ದಡದ ಬದಿಗೆ ಹೋಗ್ಬೇಡ, ಬಡವರ ಬಲೆ ಅದೆ ಅಂತ ನಾನು ದಿನಾ ಹೇಳುವಂವ. ಹೌದಲ್ಲನ, ಈರ?"

ಈರ ತಲೆ ಎತ್ತಲಿಲ್ಲ. ಎಲ್ಲ ಮುಖಗಳೂ ಕುರ್ಚಿಯಿಂದ ಅವನತ್ತ ಹೊರಳಿದವು. ಐವತ್ತರ ಲೆನ್ಸನ್ನು ಬಿಟ್ಟು, ಮದುವೆಗಳನ್ನು ಬಿಟ್ಟು, ಬಂಡೆಯ ಮೇಲೆ ಕೂತು ಸುಶ್ಮಿತಾ ಹಿಡಿದು ತಂದದ್ದನ್ನು ಆ ಮನುಷ್ಯ ಒಂದು ಮಾತಿನಲ್ಲಿ ಪಕ್ಕದ ಮನೆಯವನ ತಲೆಗೆ ಕಟ್ಟಿದ್ದ.

ಬುದವಂತ ದಾಸ ಗುಡಿಯೊಳಗಿಂದ ತೆಂಗಿನಕಾಯಿ ತರಿಸಿದ. ಕಡಲಿಗೆ ಬಿಡುವ ಕಾಯಿ ಅದು. ಅದನ್ನು ಮುಟ್ಟಿ ಹೇಳಿದ ಮಾತು ಕಾಯಿಯ ಜೊತೆ ಕಡಲಿಗೆ ಹೋಗುತ್ತದೆಂದು, ಕಡಲಿಗೆ ಇಳಿಯುವವರು ಯಾರೂ ಅದರ ಮೇಲೆ ಸುಳ್ಳಾಡುವುದಿಲ್ಲ.

"ಬಾ ಈರ," ಎಂದ ಬುದವಂತ. "ಒಂದೇ ಮಾತು. ಯಜಮಾನ್ರು ಬ್ಯಾಡ ಅಂದಿದ್ರು, ನಾನೇ ಹೋದೆ ಅನ್ನು. ಮುಟ್ಟಿ ಅನ್ನು. ನಿಂಗೆ ಎಂತ ತಪ್ಪುದಂಡ ಹಾಕ್ಬೇಕು ನಾವು ನೋಡ್ತೊ."

ಈರ ಎದ್ದು ಬಂದ. ಸುಶ್ಮಿತಾ ಕ್ಯಾಮೆರಾ ಎತ್ತಿದಳು. ಅಷ್ಟು ಹಿಂದಿನಿಂದ ಬೇರೆ ಯಾರಿಗೂ ಕಾಣದ್ದು ಅವಳಿಗೆ ಕಂಡಿತು: ಕಾಯಿಯ ಜುಟ್ಟು, ಅದರ ಮೇಲೆ ತುಸು ಎತ್ತರದಲ್ಲಿ ಈರನ ಅಂಗೈ, ಉಗುರಿನ ಸಂದಿಗಳಲ್ಲಿ ಕೂತ ಡೀಸೆಲ್ಲಿನ ಕಪ್ಪು. ಅಂಗೈ ಇಳಿಯಲಿಲ್ಲ.

"ಮುಟ್ಟನಾ," ಎಂದ ಕಮಲಾಕರ. "ಎಂತ, ಸುಡ್ತದ್ಯನಾ?"

ಯಾರೂ ನಗಲಿಲ್ಲ. ಈರ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಅಂಗಿಗೆ ಒರೆಸಿದ. ಮತ್ತೊಮ್ಮೆ ಒರೆಸಿದ. ಆಮೇಲೆ ಹೋಗಿ ತನ್ನ ಜಾಗದಲ್ಲಿ ಕೂತುಕೊಂಡ.

ಅವಳು ಲೆನ್ಸನ್ನು ಕುರ್ಚಿಯತ್ತ ತಿರುಗಿಸಿದಳು. ಜಗಿಯುವುದು ನಿಂತ ದವಡೆ ಚೌಕಟ್ಟಿನ ತುಂಬ ಬಂತು. ತುಟಿಯ ಮೂಲೆಯಲ್ಲಿ ಕೆಂಪು ರಸ. ಒತ್ತಿದಳು. ಬುದವಂತ ಹೇಳುತ್ತಿದ್ದ, ಈರ ಕಾಯಿ ಮುಟ್ಟದ್ದೇ ಉತ್ತರ, ಇವತ್ತಿನಿಂದ ಈ ಕೇರಿಯ ಒಬ್ಬನೂ ಆ ಬೋಟು ಹತ್ತುವ ಹಾಗಿಲ್ಲ, ಈರನೂ ಹತ್ತುವ ಹಾಗಿಲ್ಲ, ಈ ಎರಡು ಫೊಟೋ ಇಟ್ಟು ಕೇರಿಯ ಹೆಸರಿನಲ್ಲೇ ದೂರು ಹೋಗುತ್ತದೆ. ಕಮಲಾಕರ ಏನೋ ಹೇಳಲು ಬಾಯಿ ತೆರೆದಾಗ ಒತ್ತಿದಳು. ಯಾರೂ ಕೇಳಿಸಿಕೊಳ್ಳದೆ ಬಾಯಿ ಮುಚ್ಚಿದಾಗ ಒತ್ತಿದಳು. ಬಗ್ಗಿ ಕುರ್ಚಿಯ ಕೆಳಗೆ ಚಪ್ಪಲಿ ಹುಡುಕಿದಾಗ, ನಾಲ್ಕು ಜನ ಸರಿದು ದಾರಿ ಬಿಟ್ಟಾಗ, ಕಾರಿನ ಬಾಗಿಲು ಹಿಡಿದಾಗ. ಕಾರು ಹೋದ ಮೇಲೆ ಲೆನ್ಸು ತಾನಾಗಿ ಈರನತ್ತ ಬಂತು. ಅವನು ತೊಡೆಯ ಮೇಲೆ ಎರಡೂ ಅಂಗೈ ಮೇಲಾಗಿಟ್ಟುಕೊಂಡು ಅವನ್ನೇ ನೋಡುತ್ತಿದ್ದ. ಒತ್ತಿದಳು.

"ಸುಶ್ಮಿ, ಆತು," ಎಂದಿತು ಪಕ್ಕದಲ್ಲಿ ರಾಜೀವನ ದನಿ. "ಸಾಕು."

ಅವಳು ಕಣ್ಣು ತೆಗೆಯಲಿಲ್ಲ. ಈರಮ್ಮ ಎದ್ದು ಗಂಡನ ಕಡೆ ಹೋಗುತ್ತಿದ್ದಳು, ಅದೂ ಬೇಕಿತ್ತು. ಅಷ್ಟರಲ್ಲಿ ಚೌಕಟ್ಟು ಕಂದು ಬಣ್ಣಕ್ಕೆ ತಿರುಗಿತು. ರಾಜೀವ ತನ್ನ ಬಲಗೈಯನ್ನು ಲೆನ್ಸಿನ ಮುಂದೆ ಹಿಡಿದಿದ್ದ.

ಲೆನ್ಸು ಗುರುಗುಟ್ಟುತ್ತ ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಮುಂದೆ ಹೋಯಿತು. ಅಷ್ಟು ಹತ್ತಿರದ್ದನ್ನು ಅದು ಹಿಡಿಯುವುದಿಲ್ಲ. ಒಳಗೆ ಬರೀ ಮಸುಕು, ಅಂಚು ಎಲ್ಲಿದೆಯೆಂದು ತಿಳಿಯದ, ಬೆರಳು ಮೂರೋ ಐದೋ ಹೇಳಲಾಗದ ಮಸುಕು. ಅವಳು ಗುಂಡಿಯ ಮೇಲಿನ ಬೆರಳು ತೆಗೆಯದೆ, ಅದು ಸ್ಪಷ್ಟವಾಗುವುದನ್ನು ಕಾಯುತ್ತ ನಿಂತಿದ್ದಳು.